ಕೋಡ್ ಬರೆಯುತ್ತಲೇ ಇರಬೇಕೆಂದರೆ

2017ರ ಜುಲೈನಲ್ಲಿ ಅಡೋಬಿ ಕಂಪನಿಯು ಬ್ರೌಸರ್‌ನಲ್ಲಿ ಓಡುವ ತನ್ನ ಫ್ಲ್ಯಾಶ್ ತಂತ್ರಾಂಶವನ್ನು 2020ರ ಕೊನೆಗೆ ನಿಲ್ಲಿಸುವುದಾಗಿ ಪ್ರಕಟಿಸಿತು. ನಾನಾಗ ಬೆಂಗಳೂರಿನಲ್ಲಿ, ಫ್ಲ್ಯಾಶ್ ಮೇಲೆ ನಿಂತಿದ್ದ ಫ್ಲೆಕ್ಸ್‌ನ ಪ್ರೋಗ್ರಾಮರ್. ಬ್ಯಾಂಕುಗಳಿಗೆ ಡ್ಯಾಶ್‌ಬೋರ್ಡ್ ಕಟ್ಟಿಕೊಡುವುದು ನನ್ನ ಕೆಲಸ. ಸೂಚನೆಗಳು ಮೊದಲೇ ಸಿಕ್ಕಿದ್ದವು. ಆ್ಯಪಲ್ ಸಾಧನಗಳಲ್ಲಿ ಫ್ಲ್ಯಾಶ್‌ಗೆ ಜಾಗ ಏಕಿಲ್ಲವೆಂದು ಸ್ಟೀವ್ ಜಾಬ್ಸ್ 2010ರಲ್ಲೇ ಬಹಿರಂಗ ಪತ್ರ ಬರೆದಿದ್ದರು. ಮರುವರ್ಷ ಅಡೋಬಿಯೇ ಫ್ಲೆಕ್ಸ್ ಅನ್ನು ಅಪಾಚೆ ಪ್ರತಿಷ್ಠಾನಕ್ಕೆ ಒಪ್ಪಿಸಲು ಮುಂದಾಗಿತ್ತು. ಆದರೂ ಹಳೆಯ ಪ್ರಾಜೆಕ್ಟುಗಳ ಮೇಂಟೆನೆನ್ಸ್ ಕೆಲಸಕ್ಕೆ ಬರವಿರಲಿಲ್ಲ, ಸಂಬಳವೂ ಏರುತ್ತಿತ್ತು.

ಆಗ ನನ್ನೆದುರು ಎರಡು ಆಫರ್ ಇದ್ದವು. ಇದ್ದ ಕಂಪನಿಯಲ್ಲೇ ಪ್ರಾಜೆಕ್ಟ್ ಮ್ಯಾನೇಜರ್ ಆದರೆ ತಿಂಗಳಿಗೆ ಕೈಗೆ ಒಂದೂವರೆ ಲಕ್ಷ. ಸಣ್ಣ ಕಂಪನಿಯೊಂದರಲ್ಲಿ ಜಾವಾಸ್ಕ್ರಿಪ್ಟ್ ಪ್ರೋಗ್ರಾಮರ್ ಆದರೆ 95 ಸಾವಿರ. ನಾನು ಎರಡನೆಯದನ್ನು ಒಪ್ಪಿಕೊಂಡೆ. "ಪ್ರಮೋಷನ್ ಬಿಟ್ಟು ಕಮ್ಮಿ ಸಂಬಳಕ್ಕೆ ಯಾರಾದ್ರೂ ಹೋಗ್ತಾರೇನೋ?" ಎಂದು ಅಪ್ಪ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನನಗೆ ಕೋಡ್ ಬರೆಯುವ ಕೆಲಸವೇ ಇಷ್ಟ, ನಿವೃತ್ತಿಯವರೆಗೂ ಅದನ್ನೇ ಮಾಡುವ ಆಸೆ ಎಂದೆ. ಆಸೆಗೂ ಬೆಲೆ ಕಟ್ಟಬೇಕಾಗುತ್ತದೆ.

ನಾನು ಕಟ್ಟಿದ ಬೆಲೆ ಹೀಗಿದೆ. ಮೊದಲ ವರ್ಷ ತಿಂಗಳಿಗೆ 55 ಸಾವಿರದಂತೆ 6.6 ಲಕ್ಷ ಖೋತಾ. ಎರಡನೇ ವರ್ಷ ಅಂತರ 40 ಸಾವಿರಕ್ಕೆ ಇಳಿಯಿತು, 4.8 ಲಕ್ಷ. ಮೂರನೇ ವರ್ಷ 20 ಸಾವಿರ, 2.4 ಲಕ್ಷ. ಒಟ್ಟು 13.8 ಲಕ್ಷ. ನಾಲ್ಕನೇ ವರ್ಷಕ್ಕೆ ಸಂಬಳ ಸರಿಸಮ ಬಂತು.

ಇಷ್ಟನ್ನು ತಾಳಿಕೊಳ್ಳಲು ಸಾಧ್ಯವಾದದ್ದು ನನ್ನ ಗೃಹಸಾಲ ಸಣ್ಣದಿತ್ತು ಎಂಬ ಒಂದೇ ಕಾರಣಕ್ಕೆ. ಕೆಂಗೇರಿಯ ಎರಡು ಬೆಡ್‌ರೂಮಿನ ಮನೆಗೆ 30 ಲಕ್ಷ, ಶೇ 8.5 ಬಡ್ಡಿ, 20 ವರ್ಷ. ಇಎಂಐ ಸುಮಾರು 26 ಸಾವಿರ. 95ರಲ್ಲಿ ಅದು ಹೋದರೆ 69 ಸಾವಿರ ಉಳಿಯುತ್ತಿತ್ತು. ಸ್ಕೂಲ್ ಫೀಸು, ದಿನಸಿ, ಅಮ್ಮನ ಔಷಧಿ ಎಲ್ಲ ಅದರಲ್ಲೇ ನಡೆದವು.

ಪಕ್ಕದ ಸೀಟಿನ ಗೆಳೆಯನದು ಸರ್ಜಾಪುರ ರಸ್ತೆಯಲ್ಲಿ ಮೂರು ಬೆಡ್‌ರೂಮಿನ ಫ್ಲ್ಯಾಟು, ಸಾಲ 60 ಲಕ್ಷ. ಬಡ್ಡಿ, ಅವಧಿ ಎರಡೂ ನನ್ನಷ್ಟೇ. ಇಎಂಐ 52 ಸಾವಿರ. 95 ಸಾವಿರದ ಕೆಲಸಕ್ಕೆ ಬಂದಿದ್ದರೆ ಕೈಯಲ್ಲಿ ಉಳಿಯುತ್ತಿದ್ದದ್ದು 43 ಸಾವಿರ. ಇಬ್ಬರು ಮಕ್ಕಳ ಫೀಸು ಕಟ್ಟಿ ಅಷ್ಟರಲ್ಲಿ ಬೆಂಗಳೂರಿನಲ್ಲಿ ಸಂಸಾರ ನಡೆಯುವುದಿಲ್ಲ. ಅವನು ಮ್ಯಾನೇಜರ್ ಆದ. ನಮ್ಮ ಟೀಮಿನಲ್ಲಿ ಅವನಷ್ಟು ಚೆನ್ನಾಗಿ ಕೋಡ್ ಬರೆಯುವವರು ಇನ್ನೊಬ್ಬರಿರಲಿಲ್ಲ. ಅವನು ಯಾವ ಕೆಲಸ ಮಾಡಬೇಕೆಂಬುದನ್ನು ಫ್ಲ್ಯಾಟಿನ ಸಾಲವೇ ತೀರ್ಮಾನಿಸಿತು, ಇದು ನನಗೆ ಇಂದಿಗೂ ಸಂಕಟದ ವಿಷಯ. ಜನರನ್ನು ಮುನ್ನಡೆಸುವುದರಲ್ಲಿ ಖುಷಿ ಇರುವವರು ಧಾರಾಳವಾಗಿ ಮ್ಯಾನೇಜರ್ ಆಗಲಿ. ಆದರೆ ಇಎಂಐಗಾಗಿ ಆಗಬೇಡಿ.

ಹೊಸ ಕಂಪನಿ ಸಂಬಳದ ಅಂತರವನ್ನು ಇಸಾಪ್ (ಕಂಪನಿಯ ಷೇರು ಕೊಳ್ಳುವ ಹಕ್ಕು) ಕೊಟ್ಟು ತುಂಬುತ್ತೇವೆ ಎಂದಿತ್ತು. ನನ್ನ ಲೆಕ್ಕದಲ್ಲಿ ಅದಕ್ಕೆ ಸೊನ್ನೆ ಹಾಕಿದ್ದೆ, ನೀವೂ ಸೊನ್ನೆಯನ್ನೇ ಹಾಕಿ. ಲಿಸ್ಟ್ ಆಗದ ಕಂಪನಿಯ ಷೇರನ್ನು ಸಿಟಿಸಿಯಲ್ಲಿ ಸಂಬಳದಂತೆ ತೋರಿಸುವುದನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಆ ಹಕ್ಕನ್ನು ಬಳಸಿ ಷೇರು ಪಡೆದ ದಿನ ಕಾಗದದ ಮೇಲೆ 10 ಲಕ್ಷ ಲಾಭ ಕಂಡರೆ ಅದು ಸಂಬಳದ ಆದಾಯ. ಶೇ 30ರ ಸ್ಲ್ಯಾಬಿನವರಿಗೆ ಸೆಸ್ ಸೇರಿ 3.12 ಲಕ್ಷ ತೆರಿಗೆ. ಷೇರು ಕೊಳ್ಳುವವರು ಯಾರೂ ಇರುವುದಿಲ್ಲ, ತೆರಿಗೆ ಮಾತ್ರ ಕೈಯಿಂದ ಹೋಗುತ್ತದೆ. ಮಾನ್ಯತೆ ಪಡೆದ ಕೆಲವು ಸ್ಟಾರ್ಟ್‌ಅಪ್‌ಗಳಲ್ಲಿ ಆ ತೆರಿಗೆಯನ್ನು ಮುಂದೂಡಬಹುದು, ಅಷ್ಟೇ, ಮನ್ನಾ ಇಲ್ಲ. ಲಿಸ್ಟ್ ಆದ ಕಂಪನಿ ಆರ್‌ಎಸ್‌ಯು ಎಂದು ಕೊಡುವ ಷೇರಿನ ಮಾತು ಬೇರೆ, ಅದನ್ನು ಮಾರುಕಟ್ಟೆಯಲ್ಲಿ ಮಾರಬಹುದು.

ಮೂವತ್ತು ದಾಟದ ಪ್ರೋಗ್ರಾಮರುಗಳಿಗೆ ಒಂದು ಮಾತು ಹೇಳಲೇಬೇಕು. ಇನ್‌ಕ್ರಿಮೆಂಟ್ ಬಂದ ತಿಂಗಳೇ ಕಾರಿನ ಶೋರೂಮಿಗೆ ಹೋಗಬೇಡಿ. ಏರಿದ ಸಂಬಳದ ಅರ್ಧವನ್ನು ಆ ತಿಂಗಳಿಂದಲೇ ಎತ್ತಿಡಿ. ಕೆಲಸ ಬದಲಿಸಿದಾಗಲೆಲ್ಲ ಪಿಎಫ್ ಖಾಲಿ ಮಾಡುವ ಚಾಳಿ ಬಿಡಿ. ಹೊಸ ಖಾತೆಗೆ ವರ್ಗಾಯಿಸಿಕೊಳ್ಳಿ. ಐದು ವರ್ಷದ ಸೇವೆ ತುಂಬುವ ಮೊದಲು ತೆಗೆದರೆ ತೆರಿಗೆಯೂ ಬೀಳುತ್ತದೆ. ವಾರಕ್ಕೆ ನಾಲ್ಕು ಗಂಟೆಯಾದರೂ ಆಫೀಸು ಕೇಳದ ವಿಷಯವೊಂದನ್ನು ಕಲಿಯಿರಿ.

ಈಗ ಕೋಡ್ ಬರೆಯಲು ಎಐ ಬಂದಿದೆ. ಫ್ಲೆಕ್ಸ್‌ಗೆ ಬಂದ ಗತಿ ನನ್ನ ಈಗಿನ ಕೆಲಸಕ್ಕೂ ಬರಬಹುದು. ಆಗ ಮತ್ತೆ ಕಡಿಮೆ ಸಂಬಳಕ್ಕೆ ಸೇರಿ ಹೊಸದನ್ನು ಕಲಿಯಬೇಕಾಗುತ್ತದೆ. ಅದಕ್ಕೆಂದೇ 14 ಲಕ್ಷ ಎಫ್‌ಡಿಯಲ್ಲಿಟ್ಟಿದ್ದೇನೆ. ಇಷ್ಟು ಹಣ ಎಫ್‌ಡಿಯಲ್ಲಿ ಕೊಳೆಯುತ್ತಿದೆ ಎನ್ನುವವರಿದ್ದಾರೆ, ಅವರ ಮಾತು ನಾನು ಕೇಳುವುದಿಲ್ಲ.

ಗೃಹಸಾಲಕ್ಕೆ ಸಹಿ ಹಾಕುವ ಮುನ್ನ ಇಂದಿನ ಸಂಬಳದ ಮೂರರಲ್ಲಿ ಎರಡು ಪಾಲನ್ನು ಮಾತ್ರ ಇಟ್ಟುಕೊಂಡು ಮನೆಯ ತಿಂಗಳ ಲೆಕ್ಕ ಬರೆದು ನೋಡಿ. ಹೊಂದದಿದ್ದರೆ ಇನ್ನೂ ಸಣ್ಣ ಮನೆ ಹುಡುಕಿ.