ಎಳೆಯ ಮಕ್ಕಳು, ಪರದೆ ಮತ್ತು ಪಾಲಕರ ಬಳಲಿಕೆ

ಬೀದರ, ಕಲಬುರಗಿ, ರಾಯಚೂರು ಕಡೆಗಳಿಂದ ಬಂದ ಅನೇಕ ಕನ್ನಡ ಕುಟುಂಬಗಳು ಹೈದರಾಬಾದಿನಲ್ಲಿ ನೆಲೆಸಿವೆ. ತಂದೆ ತಾಯಿ ಇಬ್ಬರೂ ದುಡಿಯುವ ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯರು ಊರಿನಲ್ಲಿಯೇ ಉಳಿದಿರುತ್ತಾರೆ. ಸಂಜೆ ದಣಿದು ಬಂದ ತಾಯಿ ಅಡಿಗೆಯನ್ನೂ ಮಾಡಬೇಕು, ಅಳುವ ಮಗುವನ್ನೂ ಸಂತೈಸಬೇಕು. ಆಗ ಮೊಬೈಲು ಮಗುವಿನ ಕೈಸೇರುತ್ತದೆ. ಇದನ್ನು ಅಲಕ್ಷ್ಯವೆಂದು ಜರೆಯುವುದು ಸುಲಭ. ಇದರ ಕಾರಣವನ್ನು ಅರಿಯುವುದು ಅಗತ್ಯ.

ಪರಸ್ಪರ ಸಂಬಂಧ

ಪಾಲಕರ ಮಾನಸಿಕ ಒತ್ತಡಕ್ಕೂ ಮಕ್ಕಳ ಪರದೆ ವೀಕ್ಷಣೆಗೂ ಇರುವ ನಂಟು ಎರಡು ಕಡೆಯದು. ಒತ್ತಡ ಹೆಚ್ಚಿದಂತೆ ಪರದೆಯ ಆಸರೆಯೂ ಹೆಚ್ಚುತ್ತದೆ. ಪರದೆಯಿಂದಲೇ ಸಮಾಧಾನಗೊಳ್ಳುವ ರೂಢಿಯಾದ ಮಗು, ಅದನ್ನು ತೆಗೆದುಕೊಂಡಾಗ ಹಟ ಹಿಡಿಯುತ್ತದೆ. ಆ ಹಟವು ಪಾಲಕರ ಬಳಲಿಕೆಯನ್ನು ಮತ್ತಷ್ಟು ಹೆಚ್ಚಿಸುತ್ತದೆ. ಆದುದರಿಂದ ಪಾಲಕರ ಹೊರೆಯನ್ನು ಇಳಿಸದೆ ಮಗುವಿನ ರೂಢಿಯನ್ನು ಮಾತ್ರ ತಿದ್ದುವುದು ಕಷ್ಟ.

ಎಷ್ಟು ಹೊತ್ತು?

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ನೀಡಿದ ಸಲಹೆಯಂತೆ, ಎರಡು ವರ್ಷ ತುಂಬದ ಮಕ್ಕಳಿಗೆ ಪರದೆ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಅಭಿಪ್ರಾಯವೂ ಹೆಚ್ಚುಕಡಮೆ ಇದೇ. ಆದರೆ ಬಂಧುಗಳೊಡನೆ ಆಗಾಗ ವೀಡಿಯೊ ಕರೆಯಲ್ಲಿ ಮಾತನಾಡಿಸಲು ಅಕಾಡೆಮಿಯು ವಿನಾಯಿತಿ ನೀಡಿದೆ. ಬೀದರಿನ ಅಜ್ಜಿ ಮಗುವಿನ ತೊದಲಿಗೆ ಮರುನುಡಿಯುತ್ತಾಳೆ. ಓಡುವ ಚಿತ್ರ ಮರುನುಡಿಯದು. ಮಗು ಭಾಷೆಯನ್ನು ಕಲಿಯುವುದು ಇಂತಹ ಮಾತು ಮರುಮಾತಿನಿಂದಲೇ.

ಊಟದ ವೇಳೆ ಪರದೆ ನೋಡುವ ಮಗುವಿಗೆ ತನ್ನ ಹೊಟ್ಟೆ ತುಂಬಿದುದರ ಅರಿವು ಸರಿಯಾಗಿ ಉಂಟಾಗದಿರಬಹುದು. ಹೊರಾಂಗಣದ ಹಗಲು ಬೆಳಕಿನಲ್ಲಿ ಆಡುವುದಾದರೋ ಸಮೀಪದೃಷ್ಟಿ ದೋಷವನ್ನು ತಡೆಯಲು ನೆರವಾಗುತ್ತದೆ.

ಪಾಲಕರು ಮಾಡಬಹುದಾದುದು

1. ಒಮ್ಮೆಲೇ ಎಲ್ಲವನ್ನೂ ನಿಲ್ಲಿಸದೆ, ಮೊದಲು ಒಂದು ಹೊತ್ತಿನ ಊಟವನ್ನು ಪರದೆಯಿಲ್ಲದೆ ಮಾಡಿಸಿರಿ.

2. ಅಡಿಗೆಯ ವೇಳೆ ಒಲೆಯಿಂದ ದೂರ ಕೂರಿಸಿ, ಆಡಲು ಚಿಕ್ಕ ಪಾತ್ರೆ, ಮುಚ್ಚಳಗಳನ್ನು ಕೊಡಿರಿ. ಕೆಲಸ ಮಾಡುತ್ತಲೇ ಮಾತನಾಡಿಸಿರಿ.

3. ಮೊಬೈಲನ್ನು ಹಿಂಪಡೆಯುವ ಮುನ್ನ ಮಗುವಿಗೆ ತಿಳಿಸಿರಿ. ಕೂಡಲೇ ಬೇರೊಂದು ಆಟ ತೋರಿಸಿರಿ. ಮಲಗುವ ಮುಂಚಿನ ಒಂದು ಗಂಟೆ ಪರದೆ ಬೇಡ.

4. ತಂದೆಯಾದವನು ಮಗುವಿನ ಊಟ, ಸ್ನಾನ, ನಿದ್ರೆಯ ಹೊಣೆಯಲ್ಲಿ ಒಂದನ್ನಾದರೂ ನಿತ್ಯವೂ ವಹಿಸಿಕೊಳ್ಳಬೇಕು.

ಬಳಲಿಕೆ, ನಿದ್ರಾಹೀನತೆ, ಸಿಡುಕು ಬಹುದಿನ ಮುಂದುವರಿದರೆ ಸಂಕೋಚಪಡದೆ ನೆರವು ಪಡೆಯಿರಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೂ ಮಾತನಾಡಬಹುದು. ಪಾಲಕರ ನೆಮ್ಮದಿಯೂ ಮಗುವಿನ ಆರೋಗ್ಯದ ಒಂದು ಭಾಗವೆಂಬುದನ್ನು ಮರೆಯಬಾರದು.