ಸಹನೆಯ ಕಲ್ಲು ಮತ್ತು ಮಾತನಾಡುವ ಬೊಂಬೆ

ಪಾರಸಿ ಕಥೆಗಳೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ‘ಅರೇಬಿಯನ್ ನೈಟ್ಸ್’. ಅದು ಅರಬ್ಬೀ ಗ್ರಂಥ. ಪಾರಸಿಯಿಂದ ಬಂದುದು ಅದರ ಚೌಕಟ್ಟು. ಹಳ್ಳಿಗರ ಬಾಯಿಂದ ಕೇಳಿ ಬರೆದುಕೊಂಡ ಪಾರಸಿ ಕಥೆಗಳ ಸೊಗಸೇ ಬೇರೆ. ಲಾರಿಮರ್ ದಂಪತಿಗಳು ಕೆರ್ಮಾನ್ ಪ್ರಾಂತದವರಿಂದಲೂ ಬಖ್ತಿಯಾರಿ ಜನರಿಂದಲೂ ಸಂಗ್ರಹಿಸಿ 1919ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಸಂಕಲನವು ಈ ಬಗೆಯದು. ಪಾರಸಿ ಅಜ್ಜಿಯರು ಕಥೆಯನ್ನು ‘ಒಬ್ಬನಿದ್ದ, ಒಬ್ಬನಿರಲಿಲ್ಲ’ ಎಂದು ಆರಂಭಿಸುತ್ತಾರೆ. ಇದ್ದನೆಂದು ಹೇಳಿ ಅದೇ ಉಸಿರಿನಲ್ಲಿ ಇರಲಿಲ್ಲವೆನ್ನುವ ಈ ಜಾಣತನ ನಮ್ಮ ‘ಒಂದಾನೊಂದು ಊರಿನಲ್ಲಿ’ ಎಂಬುದಕ್ಕಿಲ್ಲ!

ಈ ಕಥೆಗಳಲ್ಲಿ ನನ್ನನ್ನು ಬಹುವಾಗಿ ಕಾಡಿದುದು ‘ಸಂಗೆ ಸಬೂರ್’, ಅರ್ಥಾತ್ ಸಹನೆಯ ಕಲ್ಲು. ಪಾಳುಮನೆಯೊಂದರಲ್ಲಿ ಸಿಕ್ಕಿಕೊಂಡ ಹುಡುಗಿಯೊಬ್ಬಳು ಮೈತುಂಬ ಸೂಜಿ ಚುಚ್ಚಿಸಿಕೊಂಡು ಹೆಣದಂತೆ ಬಿದ್ದಿರುವ ರಾಜಕುಮಾರನನ್ನು ಕಾಣುತ್ತಾಳೆ. ನಲವತ್ತು ದಿನ ಕುಳಿತು ಒಂದೊಂದಾಗಿ ಸೂಜಿಗಳನ್ನು ಕೀಳುತ್ತಾಳೆ. ಕೊನೆಯ ಸೂಜಿಯನ್ನು ಕಿತ್ತವಳು ದಾಸಿ. ಕಣ್ಣುಬಿಟ್ಟ ರಾಜಕುಮಾರನು ಅವಳನ್ನೇ ರಾಣಿಯೆಂದು ಬಗೆಯುತ್ತಾನೆ. ನಿಜವಾಗಿ ದುಡಿದವಳು ದಾಸಿಯಾಗುತ್ತಾಳೆ. ಮುಂದೆ ಅವಳು ಒಂದು ಸಹನೆಯ ಕಲ್ಲನ್ನು ತರಿಸಿಕೊಂಡು ಅದಕ್ಕೆ ತನ್ನ ದುಃಖವನ್ನೆಲ್ಲ ಹೇಳಿಕೊಳ್ಳುತ್ತಾಳೆ. ಕೇಳಿ ಕೇಳಿ ಕಲ್ಲು ಊದಿಕೊಂಡು ಒಡೆಯುತ್ತದೆ.

ಈ ಕಥೆ ನಮಗೆ ಹೊಸದಲ್ಲ. ಎ. ಕೆ. ರಾಮಾನುಜನ್ ಅವರ ಸಂಗ್ರಹದ ಕನ್ನಡ ಕಥೆಯೊಂದರಲ್ಲಿಯೂ ಹುಡುಗಿ ಸತ್ತ ರಾಜಕುಮಾರನಿಗೆ ವರ್ಷಗಟ್ಟಲೆ ಶುಶ್ರೂಷೆ ಮಾಡುತ್ತಾಳೆ. ಫಲ ಇನ್ನೊಬ್ಬಳ ಪಾಲಾಗುತ್ತದೆ. ಅಲ್ಲಿ ಅವಳು ಬೇಡುವುದು ಮಾತನಾಡುವ ಬೊಂಬೆಯನ್ನು. ಎರಡೂ ಕಡೆ ರಾಜಕುಮಾರನಿಗೆ ಸತ್ಯ ತಿಳಿಯುವುದು ಮರೆಯಲ್ಲಿ ನಿಂತು ಕೇಳಿದಾಗ. ಅವನೆದುರಿಗೇ ಅವಳು ಏಕೆ ಹೇಳಲಿಲ್ಲ? ದಾಸಿಯಾದವಳ ಮಾತನ್ನು ಅರಮನೆಯಲ್ಲಿ ಯಾರು ನಂಬಿಯಾರು! ತಮಿಳು ಕಥೆಯೊಂದರಲ್ಲಿ ಮುದುಕಿಯೊಬ್ಬಳು ಪಾಳುಗೋಡೆಗಳಿಗೆ ದುಃಖ ಹೇಳಿಕೊಳ್ಳುತ್ತಾಳೆ. ಗೋಡೆಗಳು ಒಂದೊಂದಾಗಿ ಕುಸಿಯುತ್ತವೆ.

ಆದರೆ ಕೊನೆಯ ಸೂಜಿ ಕಿತ್ತ ಆ ದಾಸಿಯ ಗತಿಯೇನು? ಅವಳೂ ಯಾರದೋ ಮಗಳು. ಹಣಕ್ಕೆ ಮಾರಾಟವಾಗಿ ಆ ಮನೆಗೆ ಬಂದವಳು. ಅವಳ ಪಾಲಿಗೆ ಉಳಿದುದು ಶಿಕ್ಷೆಯೊಂದೇ. ಅವಳ ದುಃಖವನ್ನು ಕೇಳಲು ಕಥೆಯಲ್ಲಿ ಒಂದು ಬೆಣಚುಕಲ್ಲೂ ಇಲ್ಲ. ಇಲ್ಲಿ ಕಥೆ ಹೇಳಿದವರ ನ್ಯಾಯಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ನಮ್ಮ ನಾಡಿಗೂ ಪಾರಸಿಗೂ ಇರುವ ನಂಟು ಹಳೆಯದು. ಪಂಚತಂತ್ರವು ಆರನೆಯ ಶತಮಾನದಲ್ಲಿ ದೊರೆ ಖುಸ್ರೋ ಅನುಶೀರ್ವಾನನ ಕಾಲಕ್ಕೆ ಪಹ್ಲವಿಗೂ, ಎಂಟನೆಯ ಶತಮಾನದಲ್ಲಿ ಅರಬ್ಬಿಗೂ ಹೋಯಿತು. ದುರ್ಗಸಿಂಹನು ಅದನ್ನು ಕನ್ನಡಕ್ಕೆ ತಂದುದು 1031ರ ಸುಮಾರಿನಲ್ಲಿ. ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿಗೆ ಹೋದರೆ ಪುಷ್ಕರಣಿಯ ಬಳಿಯ ಕಟ್ಟಡವನ್ನು ಮುಸಾಫಿರ್‌ಖಾನೆ ಎನ್ನುತ್ತಾರೆ; ಮುಸಾಫಿರ್ ಅರಬ್ಬಿ, ಖಾನೆ ಪಾರಸಿ. ಕಾರ್ಖಾನೆ, ದವಾಖಾನೆಗಳೂ ಅದೇ ವಂಶದವು. ಆದರೆ ಗ್ರಂಥಗಳಿಗೆ ತೇದಿಯುಂಟು, ಅಜ್ಜಿಯರ ಕಥೆಗಳಿಗಿಲ್ಲ.

ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಸಹಪಾಠಿಗಳು ರಜೆಯಲ್ಲಿ ಊರಿಗೆ ಹೋದಾಗ ಮನೆಯ ಹಿರಿಯರನ್ನು ಈ ಕಥೆ ಕೇಳಲಿ. ಹುಡುಗಿ ದುಃಖ ಹೇಳಿಕೊಂಡುದು ಬೊಂಬೆಗೋ, ಕಲ್ಲಿಗೋ, ಒನಕೆಗೋ? ಆ ಇನ್ನೊಬ್ಬಳನ್ನು ಕೊನೆಗೆ ಏನು ಮಾಡಿದರು? ಅವರು ಹೇಳಿದ ಮಾತಿನಲ್ಲಿಯೇ, ತಿದ್ದದೆ, ಬರೆದು ತಂದರೆ ಮುಂದಿನ ಸಂಚಿಕೆಯಲ್ಲಿ ಅವನ್ನು ಜೊತೆಗಿಟ್ಟು ನೋಡಬಹುದು.