ಸಂತೆಗೆ ಹೊಡೆಯುವ ಮುಂಚೆ ಕುರಿ ತೂಗಿ ನೋಡಿ

ಬಯಲುಸೀಮೆಯ ಒಣಬೇಸಾಯದಲ್ಲಿ ಮಳೆ ಕೈಕೊಟ್ಟ ವರ್ಷ ಮನೆ ನಡೆಸುವುದು ರೊಪ್ಪದಲ್ಲಿರುವ ಕುರಿ. ಶೇಂಗಾ ಬುಡದಲ್ಲಿ ಕಾಯಿಲ್ಲ, ರಾಗಿ ತೆನೆ ಕಟ್ಟಲಿಲ್ಲ ಅಂದಾಗ ಮಕ್ಕಳ ಫೀಜು, ಬೀಜ-ಗೊಬ್ಬರದ ಸಾಲ, ಮದುವೆ, ದೇವರ ಕಾರ್ಯ ಎಲ್ಲಕ್ಕೂ ಅದೇ ದಾರಿ. 2019ರ ಜಾನುವಾರು ಗಣತಿಯಲ್ಲಿ ನಮ್ಮ ರಾಜ್ಯದ ಕುರಿಗಳ ಲೆಕ್ಕ 1 ಕೋಟಿ 11 ಲಕ್ಷ. ತೆಲಂಗಾಣ, ಆಂಧ್ರ ಬಿಟ್ಟರೆ ಮೂರನೇ ಸ್ಥಾನ ನಮ್ಮದು. ಸಾಕುವುದರಲ್ಲಿ ನಾವು ಯಾರಿಗೂ ಕಡಿಮೆ ಇಲ್ಲ. ಪೆಟ್ಟು ತಿನ್ನುವುದು ಮಾರುವ ಹೊತ್ತಿಗೆ.

ಶೇಂಗಾ ಮಾರುವಾಗ ಚೀಲ ಚೀಲವನ್ನೂ ತೂಗಿಸುತ್ತೇವೆ. ಅರ್ಧ ಕಿಲೋ ಕಡಿಮೆ ತೋರಿಸಿದರೆ ಜಗಳಕ್ಕೆ ನಿಲ್ಲುತ್ತೇವೆ. ಅದೇ ಹತ್ತು ಸಾವಿರ ಬಾಳುವ ಟಗರನ್ನು ಕಣ್ಣಳತೆಯಲ್ಲಿ ಕೊಟ್ಟು ಬರುತ್ತೇವೆ. ಕೊಳ್ಳುವವನು ವಾರಕ್ಕೆ ಮೂರು ನಾಲ್ಕು ಸಂತೆ ತಿರುಗುವವನು. ಬೆನ್ನ ಮೇಲೆ ಕೈಯಿಟ್ಟು, ಸೊಂಟ ಹಿಡಿದು ಒಮ್ಮೆ ಎತ್ತಿದರೆ ಎಷ್ಟು ಮಾಂಸ ಬಿದ್ದೀತು ಅಂತ ಅವನ ಕೈಗೇ ಗೊತ್ತು. ನಾವು ವರ್ಷಕ್ಕೆ ಎರಡು ಸಲ ಮಾರುವವರು. "ಹೆಚ್ಚಂದ್ರೆ ಇಪ್ಪತ್ತೆಂಟು ಕಿಲೋ ಬಿದ್ದೀತು ಕಣಣ್ಣ" ಅಂತ ಅವನು ಅಂದರೆ ಹೌದು ಅನ್ನಲೂ ಆಗದು, ಅಲ್ಲ ಅನ್ನಲೂ ಆಗದು.

ಮೂವತ್ತು ಕಿಲೋದ ಮರಿ ಇಪ್ಪತ್ತೆಂಟು ಅಂತ ಹೋದರೆ ಎರಡು ಕಿಲೋ ನಷ್ಟ. ಇಪ್ಪತ್ತು ಮರಿಗೆ ನಲವತ್ತು ಕಿಲೋ. ಜೀವತೂಕ ಕಿಲೋಗೆ 350 ರೂಪಾಯಿ ಹಿಡಿದರೂ 14,000 ರೂಪಾಯಿ. ಆರು ತಿಂಗಳು ಬಿಸಿಲಲ್ಲಿ ಮೇಯಿಸಿದ ಲಾಭ ಬಹುಪಾಲು ಅಲ್ಲೇ ಹೋಗುತ್ತದೆ.

ತೂಕ ತಿಳಿಯುವ ಎರಡು ದಾರಿ

ಒಂದು, ನೇತುಹಾಕುವ ತಕ್ಕಡಿ. 50 ಕಿಲೋ ತೂಗುವಂಥದ್ದು ಸಾಕು. ನಾಲ್ಕೈದು ಮನೆಯವರು ಸೇರಿ ಒಂದು ತಂದುಕೊಂಡರೆ ಯಾರಿಗೂ ಹೊರೆಯಾಗದು. ಗೋಣಿಚೀಲಕ್ಕೆ ನಾಲ್ಕು ಕಾಲು ತೂರುವಂತೆ ತೂತು ಮಾಡಿ ಎರಡೂ ಕಡೆ ಹಗ್ಗ ಹಾಕಿ. ಬೇವಿನ ಕೊಂಬೆಗೋ ಮನೆಯ ತೊಲೆಗೋ ತಕ್ಕಡಿ ಕಟ್ಟಿ ಮರಿಯನ್ನು ತೂಗಿ. ಬೆಳಿಗ್ಗೆ ಮೇಯಲು ಬಿಡುವ ಮೊದಲು, ಖಾಲಿ ಹೊಟ್ಟೆಯಲ್ಲೇ ತೂಗಬೇಕು. ಸಂಜೆ ಮೇದು ನೀರು ಕುಡಿದು ಬಂದಾಗ ತೂಗಿದರೆ ಹೊಟ್ಟೆಯಲ್ಲಿದ್ದ ಹುಲ್ಲನ್ನೂ ತೂಗಿದ ಹಾಗೆ.

ಎರಡು, ಟೇಪು. ತಕ್ಕಡಿ ಇಲ್ಲದ ಕಡೆ, ದೊಡ್ಡ ಟಗರಿಗೆ ಇದೇ ಸುಲಭ. ಮುಂಗಾಲಿನ ಹಿಂದುಗಡೆ ಎದೆಯ ಸುತ್ತಳತೆ ಇಂಚಿನಲ್ಲಿ ತೆಗೆಯಿರಿ. ಭುಜದ ಮೂಳೆಯಿಂದ ಬಾಲದ ಪಕ್ಕದ ಕುಂಡಿ ಮೂಳೆವರೆಗೆ ಉದ್ದ ತೆಗೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಬಂದದ್ದು ಕಿಲೋ. ಸುತ್ತಳತೆ 28, ಉದ್ದ 25 ಇದ್ದರೆ 28 × 28 × 25 = 19,600. ಭಾಗಿಸಿದರೆ ಹತ್ತಿರ ಹತ್ತಿರ ಮೂವತ್ತು ಕಿಲೋ. ಒಂದೆರಡು ಕಿಲೋ ಆಚೀಚೆ ಬರಬಹುದು. ಉಣ್ಣೆ ಬೆಳೆದಿದ್ದರೆ ಟೇಪನ್ನು ಉಣ್ಣೆಯೊಳಗೆ ಒತ್ತಿ ಹಿಡಿಯಬೇಕು. ಇಲ್ಲದಿದ್ದರೆ ಲೆಕ್ಕ ಹೆಚ್ಚು ತೋರಿಸುತ್ತದೆ.

ತೂಕದಿಂದ ಬೆಲೆಗೆ

ಕಟುಕ ಮಾಡುವ ಲೆಕ್ಕವನ್ನೇ ನಾವೂ ಮಾಡೋಣ. ನಮ್ಮ ನಾಟಿ ಕುರಿಯಲ್ಲಿ ಜೀವತೂಕದ ನೂರಕ್ಕೆ 45 ಪಾಲು ಮಾಂಸ ಅಂತ ಹಿಡಿಯಬಹುದು. ಚೆನ್ನಾಗಿ ಮೇದದ್ದರಲ್ಲಿ ಇನ್ನೂ ಸ್ವಲ್ಪ ಹೆಚ್ಚು ಬರುತ್ತದೆ. 30 ಕಿಲೋ ಮರಿಗೆ ಹದಿಮೂರೂವರೆ ಕಿಲೋ ಆಯಿತು. ಅಂಗಡಿ ದರ ಕಿಲೋಗೆ 800 ಅನ್ನಿ, 10,800 ರೂಪಾಯಿ. ತಲೆ, ಕಾಲು, ಬೋಟಿ ಸೇರಿ 1,200 ಅನ್ನಿ. ಒಟ್ಟು 12,000. ಅವನ ಸಾಗಾಟ, ಕೂಲಿ, ಅಂಗಡಿ ಬಾಡಿಗೆ, ಲಾಭ ಅಂತ 1,500 ಬಿಡಿ. ಉಳಿದದ್ದು 10,500. ಅಂದರೆ ಜೀವತೂಕ ಕಿಲೋಗೆ 350.

ಈ ದರಗಳು ಲೆಕ್ಕ ತೋರಿಸಲು ಹಾಕಿದ್ದು. ನೀವು ನಿಮ್ಮ ಹತ್ತಿರದ ಪೇಟೆಯ ಮಟನ್ ಅಂಗಡಿಯ ಈ ವಾರದ ದರ ಕೇಳಿ ಹಾಕಿಕೊಳ್ಳಿ. ಕೊಳ್ಳುವವನಿಗೂ ಒಂದು ಲಾಭ ಇರಲೇಬೇಕು. ಅದು ಎಷ್ಟು ಅಂತ ನಮಗೆ ಗೊತ್ತಿರಬೇಕು, ಅಷ್ಟೇ.

ಎಲ್ಲಕ್ಕೂ ತೂಕದ ಲೆಕ್ಕ ಸಲ್ಲದು. ಮರಿ ಹಾಕುವ ಹೆಣ್ಣುಕುರಿಯನ್ನು ಸಾಕುವವರಿಗೇ ಮಾರಬೇಕು, ಅದರ ಬೆಲೆ ಹಲ್ಲಿನ ಮೇಲೆ ನಿಲ್ಲುತ್ತದೆ. ಎರಡು ಹಲ್ಲು ಅಂದರೆ ಒಂದು, ಒಂದೂವರೆ ವರ್ಷ. ನಾಲ್ಕು ಹಲ್ಲು ಎರಡು ವರ್ಷದ ಸುಮಾರು. ಬಾಯಿ ಕೂಡಿದ್ದು ನಾಲ್ಕರ ಹತ್ತಿರ. ಕೆಚ್ಚಲು ಚೆನ್ನಾಗಿದ್ದು ಕಾಲಡಿ ಮರಿ ಇದ್ದರೆ ಕಟುಕ ಕೊಡುವುದಕ್ಕಿಂತ ಹೆಚ್ಚಿಗೇ ಹೋಗುತ್ತದೆ. ಗೊಡ್ಡು ಬಿದ್ದದ್ದು, ಹಲ್ಲು ಸವೆದದ್ದು, ಕೆಚ್ಚಲು ಗಟ್ಟಿಯಾದದ್ದು ಮಾತ್ರ ತೂಕಕ್ಕೆ ಹೋಗಲಿ. ಇವನ್ನು ಬೇಸಿಗೆಗೆ ಮುಂಚೆಯೇ ತೆಗೆದುಬಿಡುವುದು ಒಳ್ಳೆಯದು. ಇರುವ ಮೇವು ಮರಿಗಳಿಗೆ ಸಿಗುತ್ತದೆ.

ಯಾವಾಗ ಮಾರುವುದು

ಎಲ್ಲರೂ ಮಾರುವಾಗ ನಾವೂ ಮಾರಿದರೆ ಬೆಲೆ ಬೀಳುತ್ತದೆ. ಬೇಸಿಗೆಯಲ್ಲಿ ಹುಲ್ಲು ಮುಗಿದಾಗ, ಮುಂಗಾರಿಗೆ ಬೀಜ ಕೊಳ್ಳುವಾಗ ಸಂತೆ ತುಂಬ ಕುರಿ. ಶ್ರಾವಣದಲ್ಲಿ ತಿನ್ನುವವರು ಕಡಿಮೆ. ಬೆಲೆ ಏರುವುದು ಯುಗಾದಿಯ ಮಾರನೇ ದಿನದ ಹೊಸತೊಡಕಿಗೆ, ಊರ ಮಾರಿಹಬ್ಬಗಳಿಗೆ, ಮಹಾನವಮಿಗೆ, ಬಕ್ರೀದಿಗೆ.

ಬಕ್ರೀದು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2025ರಲ್ಲಿ ಜೂನ್ 7ಕ್ಕೆ ಬಂದಿತ್ತು. ಅಂದರೆ ಈಗಿನ ಕೆಲವು ವರ್ಷ ಅದು ಬೇಸಿಗೆಯ ಕೊನೆಗೇ ಬೀಳುತ್ತದೆ. ಶೇಂಗಾ ಹೊಟ್ಟು, ಹುರುಳಿ ಹೊಟ್ಟು ಕೂಡಿಟ್ಟು ನಾಲ್ಕೇ ಟಗರನ್ನಾದರೂ ಬೇಸಿಗೆ ದಾಟಿಸಿದವನಿಗೆ ಲಾಭ ಇದೆ. ಆ ವ್ಯಾಪಾರಕ್ಕೆ ಊನವಿಲ್ಲದ ಟಗರೇ ಬೇಕು. ಕಣ್ಣು ಹೋದದ್ದು, ಕುಂಟುವುದು, ಕಿವಿ ಹರಿದದ್ದು, ಕೊಂಬು ಬುಡಕ್ಕೆ ಮುರಿದದ್ದು ಬೇಡ ಅನ್ನುತ್ತಾರೆ. ಆದ್ದರಿಂದ ಹಾಯ್ದಾಡುವ ಟಗರುಗಳನ್ನು ಬೇರೆ ಬೇರೆ ಕಟ್ಟಿ.

ದ್ವೀಪದ ರೈತರು ಮಾರುವ ಬಗೆ

ಇಲ್ಲಿ ದೂರದ ಒಂದು ಮಾತು ಹೇಳಬೇಕು, ನಮಗೆ ಪಾಠ ಇದೆ ಅಂತ. ಸ್ಕಾಟ್ಲೆಂಡ್ ದೇಶದ ಪಶ್ಚಿಮಕ್ಕೆ ಸಮುದ್ರದಲ್ಲಿ ಲೂಯಿಸ್, ಉಯಿಸ್ಟ್ ಅಂತ ದ್ವೀಪಗಳಿವೆ. ಅಲ್ಲೂ ನಮ್ಮಂಥ ಸಣ್ಣ ಹಿಡುವಳಿಯವರೇ, ಊರೊಟ್ಟಿನ ಗೋಮಾಳದಲ್ಲಿ ಕುರಿ ಮೇಯಿಸುವವರು. ಚಳಿಗಾಲದಲ್ಲಿ ಹುಲ್ಲು ಬೆಳೆಯದು. ಅದಕ್ಕೇ ಏಪ್ರಿಲ್-ಮೇ ತಿಂಗಳಲ್ಲಿ ಹುಟ್ಟಿದ ಮರಿಗಳನ್ನು ಆಗಸ್ಟಿನಿಂದ ಅಕ್ಟೋಬರಿನೊಳಗೆ ಮಾರಬೇಕು. ಕೊಂಡವರು ಹಡಗಿನಲ್ಲಿ ಆಚೆ ದಡಕ್ಕೆ ಒಯ್ದು ಕೊಬ್ಬಿಸುತ್ತಾರೆ.

ಮಾರಾಟ ಬಹಿರಂಗ ಹರಾಜಿನಲ್ಲಿ. ದುಂಡನೆಯ ಅಂಗಳದೊಳಕ್ಕೆ ಮರಿಗಳನ್ನು ಬಿಡುತ್ತಾರೆ, ಸುತ್ತ ಕೊಳ್ಳುವವರು ನಿಲ್ಲುತ್ತಾರೆ, ಹರಾಜು ಕೂಗುವುದು ಎಲ್ಲರ ಕಿವಿಗೂ ಬೀಳುತ್ತದೆ. ನಮ್ಮಲ್ಲಿಯ ಹಾಗೆ ಟವೆಲ್ ಕೆಳಗೆ ಬೆರಳು ಹಿಡಿಯುವುದಿಲ್ಲ. ಆ ದೇಶದಲ್ಲಿ ಕಟುಕರಿಗೆ ಹೋಗುವ ಮರಿಯನ್ನು ತೂಗಿ ಕಿಲೋ ಲೆಕ್ಕದಲ್ಲಿ ಕೂಗುತ್ತಾರೆ. ಮೇಯಿಸಲಿಕ್ಕೆ ಹೋಗುವ ಮರಿಗಳನ್ನು ಗುಂಪುಗುಂಪಾಗಿ, ತಲೆಗೆ ಇಷ್ಟು ಅಂತ. ಗುಂಪು ಮಾಡುವಾಗ ಗಾತ್ರ ನೋಡಿ ಒಂದೇ ಸಮ ಇರುವಂತೆ ಆರಿಸುತ್ತಾರೆ. ದೊಡ್ಡದರ ಜೊತೆ ಬಡಕಲು ಸೇರಿದರೆ ಇಡೀ ಗುಂಪು ಬಡಕಲಿನ ಬೆಲೆಗೆ ಬೀಳುತ್ತದೆ.

ದ್ವೀಪದಲ್ಲೇ ಹರಾಜು ನಡೆಯುವುದರಿಂದ ಮರಿ ಹಡಗು ಹತ್ತುವ ಮೊದಲೇ ಬೆಲೆ ನಿಂತಿರುತ್ತದೆ. ಒಮ್ಮೆ ಸಮುದ್ರ ದಾಟಿಸಿ ಆಚೆ ಪೇಟೆಯಲ್ಲಿ ಇಳಿಸಿದರೆ ವಾಪಸ್ ತರುವ ಮಾತೇ ಇಲ್ಲ, ಕೊಟ್ಟಷ್ಟಕ್ಕೆ ಕೊಡಬೇಕು. ಹಡಗಿನ ಬಾಡಿಗೆ ಕಳೆದೇ ಕೊಳ್ಳುವವರು ಕೂಗುತ್ತಾರೆ, ಆದರೂ ಬೇಡ ಅನ್ನುವ ಹಕ್ಕು ಮಾರುವವನ ಕೈಯಲ್ಲಿ ಉಳಿಯುತ್ತದೆ.

ನಮಗೆ ಸಮುದ್ರ ಇಲ್ಲ, ಲಗೇಜು ಆಟೋ ಇದೆ. ಬಾಡಿಗೆ ಕೊಟ್ಟು ಐವತ್ತು ಮೈಲಿ ಬಂದವನು ಮಧ್ಯಾಹ್ನದ ಮೇಲೆ ಮರಿ ವಾಪಸ್ ಹತ್ತಿಸಲಾರ ಅಂತ ದಲ್ಲಾಳಿಗೆ ಗೊತ್ತು. ಹನ್ನೊಂದು ಗಂಟೆವರೆಗೆ ಸುಮ್ಮನಿದ್ದು ಆಮೇಲೆ ಬೆಲೆ ಇಳಿಸುತ್ತಾನೆ. ವಾಪಸ್ ತಂದರೂ ಒಂದು ಭಯ. ಅಮೀನಗಡ, ಅಕ್ಕಿರಾಂಪುರದಂಥ ದೊಡ್ಡ ಸಂತೆಗಳಿಗೆ ನೂರಾರು ಊರಿನ ಕುರಿ ಬರುತ್ತವೆ. ಪಿಪಿಆರ್, ಸಿಡುಬು ಅಂಟಿಕೊಂಡು ಬಂದರೆ ಇಡೀ ಮಂದೆಗೆ ಹರಡುತ್ತದೆ. ಆದ್ದರಿಂದ ತಿರುಗಿ ತಂದ ಕುರಿಯನ್ನು ಮೂರು ವಾರ ಬೇರೆ ಕಟ್ಟಿ ಮೇವು ನೀರು ಕೊಡಬೇಕು.

ಹಾಗಾದರೆ ಬೆಲೆ ರೊಪ್ಪದ ಬಾಗಿಲಲ್ಲೇ ನಿಲ್ಲಬೇಕು. ಊರಿನ ನಾಲ್ಕೈದು ಕುರಿಯವರು ಒಂದು ದಿನ ಗೊತ್ತು ಮಾಡಿ. ಬೆಳಿಗ್ಗೆಯೇ ಮರಿ ತೂಗಿ, ಒಂದೇ ಸಮನಾದವನ್ನು ಬೇರೆ ಬೇರೆ ಕಟ್ಟಿ. ಇಬ್ಬರು ಮೂವರು ವ್ಯಾಪಾರಿಗಳನ್ನು ಒಟ್ಟಿಗೇ ಕರೆಸಿ. ಒಬ್ಬನೇ ಬಂದರೆ ಅವನು ಹೇಳಿದ್ದೇ ದರ. ಐವತ್ತು ಅರವತ್ತು ಮರಿ ಒಂದೇ ಕಡೆ ಸಿಕ್ಕಿದರೆ ಅವರಿಗೂ ಗಾಡಿ ತುಂಬುತ್ತದೆ, ಬರುತ್ತಾರೆ. ಹೊಂದದಿದ್ದರೆ ಮರಿ ಮೇಯಲು ಹೋಗುತ್ತದೆ, ನಮಗೆ ಬಾಡಿಗೆ ನಷ್ಟ ಇಲ್ಲ.

ಸಂತೆಗೇ ಹೋಗುವುದಾದರೆ

* ಹಿಂದಿನ ದಿನ ತೂಗಿ, ಪ್ರತಿ ಮರಿಗೂ ಇದಕ್ಕಿಂತ ಕೆಳಗೆ ಕೊಡೆನು ಅನ್ನುವ ಬೆಲೆ ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ತಿರುಗಿ ತರುವ ಖರ್ಚನ್ನೂ ಅದರಲ್ಲಿ ಲೆಕ್ಕ ಹಾಕಿ. ಆ ಬೆಲೆ ದಲ್ಲಾಳಿಗೆ ಹೇಳಬೇಡಿ.
* ಗಾಡಿಯಲ್ಲಿ ನಿಂತು, ಮೇವು ನೀರಿಲ್ಲದೆ ನೂರಕ್ಕೆ 5ರಿಂದ 8 ಕಿಲೋ ತೂಕ ಇಳಿಯುತ್ತದೆ. ಸಂತೆ ಹತ್ತಿರದ್ದಿರಲಿ, ಬೆಳಗಿನ ತಂಪಿನಲ್ಲೇ ಹೊರಡಿ.
* ಉಪ್ಪು ತಿನ್ನಿಸಿ ನೀರು ಕುಡಿಸಿ ಹೊಟ್ಟೆ ಉಬ್ಬಿಸುವುದು ಬೇಡ. ಬೆನ್ನ ಮೇಲೆ ಕೈಯಿಟ್ಟವನಿಗೆ ಅದು ಗೊತ್ತಾಗುತ್ತದೆ, ಒಳ್ಳೇ ಮರಿಯ ಮೇಲೂ ಅನುಮಾನ ಬರುತ್ತದೆ.
* ಮೊದಲ ಅರ್ಧ ಗಂಟೆ ಬರೀ ಸುತ್ತಾಡಿ, ಆ ದಿನದ ದರ ಕೇಳಿ.
* ದಲ್ಲಾಳಿ ಕೈಗೆ ಹಗ್ಗ ಕೊಡುವ ಮುಂಚೆ ಅವನ ಹಣ ಎಷ್ಟು ಅಂತ ಮಾತಾಡಿ. ಟವೆಲ್ ವ್ಯಾಪಾರದ ಬೆರಳ ಲೆಕ್ಕ ತಿಳಿಯದಿದ್ದರೆ ಬಾಯಲ್ಲೇ ಹೇಳು ಅನ್ನಿ. ನಾಚಿಕೆ ಬೇಡ.
* ಹಣ ಎಣಿಸಿಕೊಂಡೇ ಹಗ್ಗ ಬಿಡಿ. ಮೊಬೈಲಿನಲ್ಲಿ ಹಾಕಿದೆ ಅಂತ ಅವನ ಫೋನು ತೋರಿಸಿದರೆ ಸಾಲದು, ನಿಮ್ಮ ಖಾತೆಗೆ ಬಂದದ್ದನ್ನು ನೀವೇ ನೋಡಿ. ಉದ್ದರಿ ಬೇಡ.

ಇದರಲ್ಲಿ ಹೆಚ್ಚು ಓದಿದವರು ಮಾಡುವಂಥದ್ದು ಏನೂ ಇಲ್ಲ. ಒಂದು ತಕ್ಕಡಿ, ಒಂದು ಟೇಪು, ಗುಣಾಕಾರ ಬರೆಯಲು ಮನೆಯ ಹುಡುಗನ ಪಾಟಿಚೀಲದ ಪೆನ್ಸಿಲು ಸಾಕು. ಮುಂದಿನ ಸಂತೆಗೆ ಮುಂಚೆ ಎರಡೇ ಮರಿ ತೂಗಿ ನೋಡಿ. ನಿಮ್ಮ ಕಣ್ಣಳತೆಗೂ ತಕ್ಕಡಿಗೂ ಎಷ್ಟು ವ್ಯತ್ಯಾಸ ಬಂತು, ಊರಲ್ಲೇ ವ್ಯಾಪಾರಿಗಳನ್ನು ಕರೆಸಿ ಮಾರಿದವರು ಇದ್ದರೆ ಹೇಗಾಯಿತು, ಪತ್ರಿಕೆಗೆ ಬರೆಯಿರಿ. ಉಳಿದವರಿಗೂ ಉಪಯೋಗ ಆದೀತು.